ನಾಲ್ಕು ಜನಕ್ಕೆ ಒಂದೇ ಕಥೆ

ದಟ್ಟಗಳ್ಳಿಯ ಆ ಬೀದಿಯಲ್ಲಿ ಸುಷ್ಮಾಳನ್ನು ಬಲ್ಲವರು ಎರಡು ಥರ. ಮಕ್ಕಳಿಗೆ ಮಾತು ಕಲಿಸುವ ಡಾಕ್ಟರಮ್ಮ ಎಂದು ಬಲ್ಲವರು ಒಂದು ಥರ. ಅವಳು ಡಾಕ್ಟರಲ್ಲ, ಸ್ಪೀಚ್ ಥೆರಪಿಸ್ಟ್. ಎಷ್ಟು ಸಲ ತಿದ್ದಿದರೂ ಬೀದಿಯವರು ಕೇಳುವುದಿಲ್ಲ. ಇನ್ನೊಂದು ಥರದವರು ಭಾನುವಾರ ಮಧ್ಯಾಹ್ನ ಅವಳ ಮನೆಯ ಕಿಟಕಿಯಿಂದ ಬರುವ ಕೂಗಾಟ ಕೇಳಿದವರು. "ಸೇತುವೆ ಮುರೀರಿ!" "ಮೊದ್ಲು ರಾಣೀನ ಕೇಳ್ರೋ!" ಎಂದು ವಯಸ್ಸಿಗೆ ಬಂದ ಜನ ಕಿರುಚಾಡುವುದು ಕೇಳಿ ಎದುರುಮನೆಯವರು ಒಮ್ಮೆ ಗೇಟಿನ ತನಕ ಬಂದು ಇಣುಕಿಯೂ ಹೋಗಿದ್ದರು. ಒಳಗೆ ಐದು ಜನ ಊಟದ ಮೇಜಿನ ಸುತ್ತ ಕೂತು ಕಡ್ಲೆಪುರಿ ತಿನ್ನುತ್ತಿದ್ದರು, ಅಷ್ಟೇ.

ಅದೊಂದು ಆಟ. ಒಬ್ಬರು ಕಥೆ ಹೇಳುತ್ತಾರೆ. ಉಳಿದವರು ಆ ಕಥೆಯೊಳಗೆ ತಲಾ ಒಂದು ಪಾತ್ರ ಹಿಡಿಯುತ್ತಾರೆ. ಪಾತ್ರ ಏನು ಮಾಡಬೇಕು, ಏನು ಮಾತಾಡಬೇಕು ಎನ್ನುವುದು ಆಡುವವರಿಗೆ ಬಿಟ್ಟದ್ದು. ಮಾಡಿದ್ದು ಕೈಗೂಡಿತೋ ಇಲ್ಲವೋ ಎಂದು ತೀರ್ಮಾನಿಸುವುದು ಇಪ್ಪತ್ತು ಮುಖದ ದಾಳ: ದೊಡ್ಡ ಸಂಖ್ಯೆ ಬಿದ್ದರೆ ಗೆದ್ದಿರಿ, ಚಿಕ್ಕದು ಬಿದ್ದರೆ ಕೆಟ್ಟಿರಿ. ಹೀಗೆ ವಾರದಿಂದ ವಾರಕ್ಕೆ ಬೆಳೆದು ವರ್ಷಗಟ್ಟಲೆ ಸಾಗುವ ಒಂದು ಉದ್ದದ ಕಥೆಗೆ ಆಟದವರು ಕ್ಯಾಂಪೇನ್ ಎನ್ನುತ್ತಾರೆ. ಸುಷ್ಮಾಳ ತಾಯಿ ಗಿರಿಜಾಂಬಾ, "ಮಣೆ ಇಲ್ಲ, ಗೆದ್ದೋರು ಯಾರು ಸೋತೋರು ಯಾರು ಅಂತ ಗೊತ್ತಾಗಲ್ಲ, ಇದ್ಯಾವ ಸೀಮೆ ಆಟಾನೇ?" ಎಂದು ಗೊಣಗುತ್ತಲೇ ಅಡುಗೆಮನೆ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಒಂದು ಮಾತೂ ಬಿಡದೆ ಕೇಳುತ್ತಾರೆ.

ಸುಷ್ಮಾ ಈ ಆಟ ಕಲಿತದ್ದು ಕೊರೊನಾ ಕಾಲದಲ್ಲಿ, ಕ್ಲಿನಿಕ್ ಮುಚ್ಚಿದ್ದಾಗ. ಪುಣೆ, ಕೊಚ್ಚಿ, ಇನ್ನೆಲ್ಲೆಲ್ಲಿಯವರೋ ಸೇರಿ ಲ್ಯಾಪ್‌ಟಾಪಿನಲ್ಲಿ ಇಂಗ್ಲಿಷಲ್ಲಿ ಆಡುತ್ತಿದ್ದ ಗುಂಪಿಗೆ ಅವಳೂ ಸೇರಿಕೊಂಡಳು. ಕೆಲವು ತಿಂಗಳಲ್ಲೇ ಅವಳಿಗೆ ಒಂದು ವಿಷಯ ಖಾತ್ರಿಯಾಯಿತು: ಇದನ್ನು ಇವರಿಗಿಂತ ತಾನು ಚೆನ್ನಾಗಿ ಆಡಿಸಬಲ್ಲೆ, ಅದೂ ಕನ್ನಡದಲ್ಲಿ. ಹಾಗೆಂದುಕೊಳ್ಳುವುದಕ್ಕೆ ಅವಳಿಗೆ ಸಂಕೋಚವೇನೂ ಆಗಲಿಲ್ಲ. ಲಾಕ್‌ಡೌನ್ ಮುಗಿದದ್ದೇ ಆಟದ ನಿಯಮಗಳನ್ನು ಕೂತು ಕನ್ನಡ ಮಾಡಿದಳು. ಪಾತ್ರಕ್ಕೆ ಇನ್ನೆಷ್ಟು ಜೀವ ಉಳಿದಿದೆ ಎಂದು ಲೆಕ್ಕ ಇಡುವ ಅಂಕಕ್ಕೆ 'ಉಸಿರು' ಎಂದು ಹೆಸರಿಟ್ಟಳು. "ನಿನಗೆ ಇನ್ನು ಮೂರೇ ಉಸಿರು" ಎಂದರೆ ಯಾರಿಗೂ ಬಿಡಿಸಿ ಹೇಳಬೇಕಾಗುವುದಿಲ್ಲ. ಮೇಜಿನ ಮೇಲೆ ಪಾತ್ರಗಳ ಬದಲು ಕವಡೆ ಇಟ್ಟಳು, ಶತ್ರುಗಳ ಬದಲು ಹುಣಸೆಬೀಜ.

ಜನ ಒಬ್ಬೊಬ್ಬರಾಗಿ ಕೂಡಿದರು. ಮೊದಲು ಬಂದವಳು ಅಶೋಕಪುರಂನ ಅನು. ಪಿಯು ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುತ್ತಾಳೆ. ಓದುವ ಕಾಲದಿಂದಲೂ ನಾಟಕದ ಹುಚ್ಚು. ಸಂತೆಯಲ್ಲಿ ಬದನೆಕಾಯಿ ಕೊಳ್ಳುವ ಸಂದರ್ಭ ಬಂದರೂ ಮಾರುವವಳ ಜೊತೆ ಕೂತು ಅವಳ ಸಂಸಾರದ ಕಥೆಯನ್ನೆಲ್ಲ ಹೊರಡಿಸಿಬಿಡುತ್ತಾಳೆ. ಆಮೇಲೆ ಬಂದವನು ಹಿನಕಲ್ಲಿನ ದಿಲೀಪ್, ಬೈಕ್ ಶೋರೂಮಿನ ಸರ್ವಿಸ್ ವಿಭಾಗ ನೋಡಿಕೊಳ್ಳುವವನು. ವಾರವಿಡೀ ಗಿರಾಕಿಗಳ ಬೈಗುಳವನ್ನು ನಗುನಗುತ್ತಾ ಕೇಳಿದವನು ಭಾನುವಾರ ಕಥೆಯೊಳಗೆ ನಾಲ್ಕು ಜನರನ್ನು ಬಡಿಯದೆ ಮನೆಗೆ ಹೋಗುತ್ತಿರಲಿಲ್ಲ. ಮೂರನೆಯವರು ಸರ್ವೆ ಇಲಾಖೆಯಿಂದ ನಿವೃತ್ತರಾದ ಮೃತ್ಯುಂಜಯ. ಗುಹೆ ಎಂದರೆ ಸಾಕು, "ಎಷ್ಟು ಮಾರು ಉದ್ದ? ಗಾಳಿ ಯಾವ ಕಡೆಯಿಂದ ಬರ್ತಿದೆ?" ಎಂದು ಕೇಳಿ ನಕ್ಷೆ ಎಳೆದು, ಗೋಡೆಯ ದಪ್ಪ ನೋಡಿಯೇ ಗುಟ್ಟಿನ ಬಾಗಿಲು ಪತ್ತೆ ಹಚ್ಚುವವರು.

ಕೊನೆಗೆ ಬಂದವನು ವಾಗೀಶ. ಅರಸು ರಸ್ತೆಯ ಪಕ್ಕದ ಓಣಿಯಲ್ಲಿರುವ ಕನ್ನಡಕದ ಅಂಗಡಿಯಲ್ಲಿ ಗಾಜು ತೀಡಿ ಫ್ರೇಮಿಗೆ ಕೂರಿಸುವ ಕೆಲಸ. ಅವನಿಗೆ ಮಾತು ತಡೆಯುತ್ತದೆ. ಕೆಲವು ಅಕ್ಷರಗಳು ತುಟಿಯ ಹತ್ತಿರ ಬಂದು ನಿಂತುಬಿಡುತ್ತವೆ. ವಾಕ್ಕಿಗೆ ಒಡೆಯ ಎನ್ನುವ ಅರ್ಥದ ಹೆಸರಿಟ್ಟುಕೊಂಡು ಹೀಗೆ ತೊದಲುವವನನ್ನು ಕಂಡು ಜನ ನಗುವುದು ಅವನಿಗೆ ಚಿಕ್ಕಂದಿನಿಂದ ರೂಢಿಯಾಗಿತ್ತು. ಅವನು ಸುಷ್ಮಾಳ ಹತ್ತಿರ ಚಿಕಿತ್ಸೆಗೆ ಬಂದವನಲ್ಲ, ಆಟಕ್ಕೆ ಬಂದವನು. ಆದರೂ ಅವಳು ಮೊದಲ ದಿನವೇ ಎಲ್ಲರೆದುರು ಒಂದು ನಿಯಮ ಹೇಳಿದ್ದಳು: ಈ ಮೇಜಿನಲ್ಲಿ ಒಬ್ಬರ ಮಾತನ್ನು ಇನ್ನೊಬ್ಬರು ಮುಗಿಸಿಕೊಡಬಾರದು. ಎಲ್ಲರೂ ಹಾಗೇ ನಡೆದುಕೊಂಡರು. ವಾಗೀಶ ಬಿಲ್ಲುಗಾರನ ಪಾತ್ರ ಆರಿಸಿಕೊಂಡ. "ಬಾಣ ಬಿಡ್ತೀನಿ" ಎಂದು ದಾಳ ಉರುಳಿಸುವುದು, ತಲೆದೂಗುವುದು. ಅವನ ಆಟವೇ ಹಾಗೆ ಎಂದು ಎಲ್ಲರೂ ಒಪ್ಪಿಕೊಂಡುಬಿಟ್ಟಿದ್ದರು.

ಮೊದಲ ಕ್ಯಾಂಪೇನ್ ಒಂದು ರೆಡಿಮೇಡ್ ಪುಸ್ತಕದ್ದು, ಮಣ್ಣಿನಡಿ ಹೂತುಹೋದ ಪಟ್ಟಣದ ಕಥೆ. ಒಂದೂವರೆ ವರ್ಷ ನಡೆದು ಚೆನ್ನಾಗಿಯೇ ಮುಗಿಯಿತು. ಜಗಳ ಶುರುವಾದದ್ದು ಮುಂದಿನದಕ್ಕೆ.

"ಈ ಸಲ ಯುದ್ಧ ಇಡಿ ಸುಷ್ಮಕ್ಕ, ಸಮುದ್ರದ ಮೇಲೆ," ಎಂದ ದಿಲೀಪ್. "ಹಡಗಿಗೆ ಹಡಗು ಗುದ್ದಬೇಕು."

"ಗುದ್ದಿ ಗುದ್ದೀನೇ ಒಂದೂವರೆ ವರ್ಷ ಹೋಯ್ತು," ಎಂದಳು ಅನು. "ನಂಗೆ ಅರಮನೆ ಬೇಕು. ಪಿತೂರಿ, ಮದುವೆ ಸಂಬಂಧ, ಗುಟ್ಟು. ಮಾತಾಡೋಕೆ ಜಾಗ ಇರೋ ಕಥೆ."

"ನೀನು ಮಾತಾಡ್ತಾ ಕೂತ್ರೆ ನಾನು ಕತ್ತಿ ಹಿಡ್ಕೊಂಡು ಬಾಗಿಲು ಕಾಯೋದಾ? ಅಂಗಾದ್ರೆ ನನ್ನ ಬುಟ್ಬುಡಿ, ನಾನು ಕ್ರಿಕೆಟ್ಟಿಗೆ ಹೋಯ್ತೀನಿ."

ಮೃತ್ಯುಂಜಯ ಇಬ್ಬರನ್ನೂ ಸುಮ್ಮನಿರಿಸಿದರು. "ಯಾರೂ ನಕ್ಷೆ ಮಾಡದ ಕಾಡು ಇರಬೇಕು ಕಣ್ರಪ್ಪ. ಅದು ಆಟ. ಬೇಕಾದ್ರೆ ವೋಟು ಹಾಕೋಣ."

"ವೋಟು ಬೇಡ ಸರ್," ಎಂದಳು ಸುಷ್ಮಾ. "ಗೆದ್ದೋರು ಆಡ್ತಾರೆ, ಸೋತೋರು ಮೊಬೈಲ್ ನೋಡ್ತಾರೆ. ವಾಗೀಶ, ನಿನಗೆ ಯಾವುದು ಬೇಕು?"

ವಾಗೀಶ ಭುಜ ಕುಣಿಸಿದ. ಯಾವುದಾದರೂ ಸರಿ ಎಂಬಂತೆ.

"ಕಥೆ ನಾನೇ ಆರಿಸ್ತೀನಿ," ಎಂದಳು ಸುಷ್ಮಾ. "ಯಾರೂ ಕ್ರಿಕೆಟ್ಟಿಗೆ ಹೋಗೋ ಹಾಗಿಲ್ಲ."

ಅವಳಿಗೆ ತನ್ನ ಕಣ್ಣಿನ ಮೇಲೆ ನಂಬಿಕೆಯಿತ್ತು. ಯಾವ ಆಟಿಕೆ ಬೇಕು ಎಂದು ಮಗುವನ್ನು ಕೇಳಿದರೆ ಅದು ಅಮ್ಮನ ಮುಖ ನೋಡುತ್ತದೆ. ಹತ್ತು ಆಟಿಕೆ ಚೆಲ್ಲಿ ಸುಮ್ಮನೆ ಕೂತರೆ ಕೈ ತಾನಾಗಿ ಒಂದರ ಕಡೆ ಹೋಗುತ್ತದೆ. ಕ್ಲಿನಿಕ್ಕಿನಲ್ಲಿ ದಿನಾ ನೋಡುವುದು ಅದನ್ನೇ. ಮುಂದಿನ ಭಾನುವಾರ ಅವಳು ಒಂದೇ ಮಧ್ಯಾಹ್ನಕ್ಕೆ ಮುಗಿಯುವ ಪುಟ್ಟ ಕಥೆಯೊಂದನ್ನು ಮೇಜಿನ ಮೇಲೆ ಚೆಲ್ಲಿದಳು. ತುಂಬಿದ ಹೊಳೆ. ನಡುಗಡ್ಡೆಗೆ ಬಂದು ಸಿಕ್ಕಿಕೊಂಡ ಹರಿಗೋಲು. ನಡುಗಡ್ಡೆಯಲ್ಲಿ ಸುಂಕ ಕೇಳುವ ಒಬ್ಬ ಜಿಗುಟು ಮನುಷ್ಯ. ಹರಿಗೋಲಿನಲ್ಲಿ ಬೀಗದ ಕೈಯಿಲ್ಲದ ಪೆಟ್ಟಿಗೆ. ಆಚೆ ದಡದಲ್ಲಿ ಕಾದು ಕೂತ ಕಳ್ಳರು.

ನಾಲ್ವರೂ ಆಡಿದರು, ಸುಷ್ಮಾ ಕಥೆ ಹೇಳುತ್ತಾ ಅವರ ಮುಖ ನೋಡಿದಳು. ಕಳ್ಳರು ಮೇಲೆ ಬಿದ್ದಾಗ ದಿಲೀಪ್ ಅನುವಿನ ಕವಡೆಯ ಮುಂದೆ ತನ್ನ ಕವಡೆ ತಂದು ನಿಲ್ಲಿಸಿದ. ದಾಳ ಎರಡು ಬಿತ್ತು, ಏಟು ತಿಂದ, ಆದರೂ ಹಿಗ್ಗಿಹೋದ, ಉಳಿದವರು "ದಿಲೀಪಾ!" ಎಂದು ಕೂಗಿದ್ದರು. ಬಡಿಯುವುದಕ್ಕಿಂತ ಹೆಚ್ಚಾಗಿ ಅವನಿಗೆ ಬೇಕಾದದ್ದು ಮುಂದೆ ನಿಲ್ಲುವುದು. ಅನು ಸುಂಕದವನ ಜೊತೆ ಚೆನ್ನಾಗಿ ಜಗಳವಾಡಿದಳು, ಆದರೆ ತಾನೊಬ್ಬಳೇ ಮಾತಾಡುತ್ತಿದ್ದೇನೆ ಎನಿಸಿದ ಕೂಡಲೇ ದನಿ ಇಳಿಯಿತು. ಅವಳಿಗೆ ಜೊತೆಗೆ ಮಾತಾಡುವವರು ಬೇಕಿತ್ತು. ಬೀಗ ಹೇಗಿದೆ ಎಂದು ಮೃತ್ಯುಂಜಯ ಯೋಚಿಸುತ್ತಿರುವಾಗಲೇ ದಿಲೀಪ್ ಪೆಟ್ಟಿಗೆಗೆ ಒದ್ದು ತೆರೆದುಬಿಟ್ಟ; ಅವರ ಮುಖ ಸಪ್ಪಗಾಯಿತು.

ವಾಗೀಶನದೇ ಬೇರೆ. ಸುಂಕದವನ ದನಿಯಲ್ಲಿ ಸುಷ್ಮಾ ಅವನ ಕಡೆ ತಿರುಗಿ, "ನೀನ್ಯಾರಯ್ಯ? ನಿನ್ನ ಸುಂಕ ಎಲ್ಲಿ?" ಎಂದು ಗದರಿದಾಗ ಅವನ ಕಿವಿ ಕೆಂಪಾಯಿತು. ತುಟಿ ಬಿಗಿಯಿತು. ಅವಳು ತಟ್ಟನೆ ಪ್ರಶ್ನೆಯನ್ನು ಅನುವಿನ ಕಡೆ ತಿರುಗಿಸಿದಳು. ವಾಗೀಶ ದಾಳ ಕೈಗೆತ್ತಿಕೊಂಡ.

ಅಷ್ಟು ಸಾಕಾಯಿತು ಅವಳಿಗೆ. ಕಾಡಿನ ಕಥೆ ಎಂದು ತೀರ್ಮಾನಿಸಿದಳು. ಜನವಸತಿಯೇ ಇಲ್ಲದ ದಟ್ಟ ಕಾಡು, ಅದರ ನಡುವೆ ಪಾಳುಬಿದ್ದ ಊರು. ಮೃತ್ಯುಂಜಯ ಅವರಿಗೆ ನಕ್ಷೆ, ದಿಲೀಪನಿಗೆ ಕಾಡುಮೃಗ, ಅನುವಿಗೆ ಮಾತಾಡಲು ಒಂದೋ ಎರಡೋ ಪ್ರೇತ. ವಾಗೀಶನಿಗೆ ಯಾರೂ ಏನೂ ಕೇಳುವುದಿಲ್ಲ, ಅವನು ಕೆಂಪಾಗಬೇಕಿಲ್ಲ. ಯಾಕೆ ಹೀಗೆ ಮಾಡಿದಳು ಎಂದು ಯಾರಿಗೂ ತಿಳಿಯುವುದಿಲ್ಲ. ಈ ಜಾಣತನಕ್ಕೆ ತಾನೇ ಬೆನ್ನು ತಟ್ಟಿಕೊಂಡು ವಾಟ್ಸಾಪ್ ಗುಂಪಿನಲ್ಲಿ ಹಾಕಿದಳು. ಮೃತ್ಯುಂಜಯ ಕೈ ಮುಗಿದ ಚಿತ್ರ ಕಳಿಸಿದರು, ದಿಲೀಪ್ ಹುಲಿಯ ಚಿತ್ರ. ಅನು "ಆಯ್ತು ಬಿಡಿ ಅಕ್ಕ" ಎಂದಳು. ವಾಗೀಶ ಏನೂ ಬರೆಯಲಿಲ್ಲ.

ಮರುದಿನ ಸಂಜೆ ಅವನು ಕ್ಲಿನಿಕ್ಕಿಗೇ ಬಂದ. ಕೊನೆಯ ಮಗು ಹೋಗಿ, ಸುಷ್ಮಾ ನೆಲದ ಮೇಲಿನ ಆಟಿಕೆಗಳನ್ನು ಬುಟ್ಟಿಗೆ ತುಂಬುತ್ತಿದ್ದಳು. ವಾಗೀಶ ಮಕ್ಕಳ ಕುರ್ಚಿಯ ಮೇಲೆಯೇ ಮಂಡಿ ಮಡಿಸಿ ಕೂತ.

"ಕಾಡಿನ ಕಥೆ ಚೆನ್ನಾಗಿದೆ ಸುಷ್ಮಕ್ಕ. ಆದ್ರೆ ಅದ್ರಲ್ಲಿ ಮ… ಮ…" ಮಾತು ನಿಂತಿತು. ಸುಷ್ಮಾ ಕಾದಳು. ಅವನೂ ಅವಸರ ಮಾಡಲಿಲ್ಲ. "ಮನುಷ್ಯರೇ ಇಲ್ವಲ್ಲ."

"ಪ್ರಾಣಿಗಳಿದಾವೆ. ಪಾಳು ಊರಿದೆ."

"ನನಗೋಸ್ಕರ ತೆಗೆದ್ರಾ?"

ಸುಳ್ಳು ಹೇಳಬಹುದಿತ್ತು. ಅವನು ನೋಡುತ್ತಿದ್ದ ರೀತಿಗೆ ಸುಳ್ಳು ಬಾಯಿಗೆ ಬರಲಿಲ್ಲ. "ಹೌದು," ಎಂದಳು.

ವಾಗೀಶ ಒಂದು ಮರದ ಗೊಂಬೆಯನ್ನು ಕೈಯಲ್ಲಿ ತಿರುಗಿಸುತ್ತಾ ನಿಧಾನವಾಗಿ, ನಡುನಡುವೆ ನಿಂತು ನಿಂತು ಹೇಳಿದ: "ಅಂಗಡೀಲಿ ಗಿರಾಕಿಗಳು ನನ್ನ ಮಾತು ಮುಗಿಸ್ತಾರೆ. ಪವರ್ ಅನ್ನೋಕೆ ಪ ಅಂದ್ರೆ ಸಾಕು, ಪ್ಲಾಸ್ಟಿಕ್ ಫ್ರೇಮಾ, ಬೇಡ ಅಂತಾರೆ. ನಿಮ್ಮನೇಲಿ ಯಾರೂ ಮುಗಿಸಲ್ಲ. ಆದ್ರೆ ಇಷ್ಟು ದಿನದಲ್ಲಿ ನನಗೆ ಹೇಳೋಕೆ ಏನಾದ್ರೂ ಕೊಟ್ಟಿದ್ದೀರಾ? ಬಿಲ್ಲು ಕೊಟ್ಟಿದ್ದೀರಿ."

"ಬಿಲ್ಲುಗಾರನ್ನ ನೀನೇ ಕಣೋ ಆರಿಸಿಕೊಂಡಿದ್ದು."

"ಆಗ ಹೆದರಿಕೆ ಇತ್ತು. ಈಗ ಬೇಜಾರು."

ಸುಷ್ಮಾ ಆಟಿಕೆ ತುಂಬುವುದನ್ನು ಬಿಟ್ಟು ಅವನೆದುರು ನೆಲದ ಮೇಲೇ ಕೂತಳು. "ಮತ್ತೆ ಮೊನ್ನೆ ಸುಂಕದವನು ಕೇಳಿದಾಗ ದಾಳ ಎತ್ತಿಕೊಂಡೆಯಲ್ಲ?"

"ಉತ್ತರ ಸಿದ್ಧವಾಗಿತ್ತು ಅಕ್ಕ. ಬಾಯಿಗೆ ಬರೋಷ್ಟರಲ್ಲಿ ನೀವೇ ಅನು ಕಡೆ ತಿರುಗಿಬಿಟ್ರಿ."

ಸುಷ್ಮಾಳಿಗೆ ನಾಚಿಕೆಯಾಯಿತು. ಇಡೀ ದಿನ ಮಕ್ಕಳ ಒಂದು ಶಬ್ದಕ್ಕಾಗಿ ಕಾಯುವ ತಾನು, ತನ್ನ ಮನೆಯ ಮೇಜಿನಲ್ಲಿ ಒಂದು ಉಸಿರಿನಷ್ಟೂ ಕಾದಿರಲಿಲ್ಲ. ಕನಿಕರ ಅವಸರ ಮಾಡಿಸಿತ್ತು. ಅವನ ಮಾತನ್ನು ಬೇರೆಯವರು ಮುಗಿಸಬಾರದೆಂದು ನಿಯಮ ಮಾಡಿದವಳೇ ಅದನ್ನು ಹುಟ್ಟುವ ಮೊದಲೇ ತಡೆದಿದ್ದಳು.

"ಏನು ಹೇಳ್ಬೇಕು ಅಂತಿದ್ದೆ?" ಎಂದಳು.

ವಾಗೀಶನ ಕಣ್ಣು ಮಿನುಗಿತು. "ಸುಂಕ ಕೊಡೋರು ಆಚೆ ದ… ದಡದಲ್ಲಿ ಕಾಯ್ತಾ ಇದ್ದಾರೆ ಸ್ವಾಮಿ, ನಮ್ಮನ್ನ ಅಲ್ಲಿಗೆ ದಾಟಿಸಿ, ಅವರನ್ನೇ ಕೇಳ್ಕೊಳ್ಳಿ, ಅಂತ."

ಕಳ್ಳರ ಕೈಗೆ ಸುಂಕದವನನ್ನು ಹಿಡಿದುಕೊಡುವ ಉಪಾಯ! ಅವತ್ತಿನ ಆಟದಲ್ಲಿ ಯಾರಿಗೂ ಹೊಳೆಯದ ಮಾತು. ಸುಷ್ಮಾ ನಕ್ಕಳು, ನಗುನಗುತ್ತಲೇ ಎದ್ದು ನಿಂತಳು. "ಕಾಡು ಕ್ಯಾನ್ಸಲ್," ಎಂದಳು. "ಭಾನುವಾರ ಬಾ. ಈ ಸಲ ನಿನ್ನ ಕೈಗೆ ಬಿಲ್ಲು ಕೊಡಲ್ಲ."

ಆ ವಾರ ಅವಳು ಯಾವ ಪುಸ್ತಕವನ್ನೂ ತೆಗೆಯಲಿಲ್ಲ. ಯುದ್ಧ, ಅರಮನೆ, ಕಾಡು ಎಂದು ಮೂರರಲ್ಲಿ ಒಂದನ್ನು ಆರಿಸಹೊರಟದ್ದೇ ತಪ್ಪು ಎನಿಸಿತ್ತು. ನಾಲ್ವರೂ ಒಂದೇ ಊರಿಗೆ ಹೊರಡಬೇಕು, ಆದರೆ ಪ್ರತಿಯೊಬ್ಬರಿಗೂ ಅವರವರ ಕೆಲಸ ಇರಬೇಕು. ಒಬ್ಬರು ಕೈಬಿಟ್ಟರೆ ಉಳಿದ ಮೂವರು ಆ ಊರು ಮುಟ್ಟುವಂತಿರಬಾರದು. ಬೆಳಿಗ್ಗೆ ಸ್ಕೂಟರಿನಲ್ಲಿ ಹೋಗುವಾಗ, ಮಧ್ಯಾಹ್ನ ಊಟದ ಡಬ್ಬಿ ಬಿಚ್ಚುವಾಗ, ರಾಗಿಮುದ್ದೆ ತಿರುವುವಾಗ ಅದನ್ನೇ ಯೋಚಿಸಿದಳು. "ಅಲ್ಲ ಕಣೇ, ಗಂಟಾಯ್ತು," ಎಂದು ಗಿರಿಜಾಂಬಾ ಕೋಲು ಕಿತ್ತುಕೊಂಡರು. "ನೀರು ಸರಿಯಾಗಿ ಹಂಚಿಕೊಳ್ಳಲಿಲ್ಲ ಅಂದ್ರೆ ಹಿಟ್ಟು ಹೀಗೇ ಆಗೋದು."

ಸುಷ್ಮಾ ಹಾಗೇ ನಿಂತಳು. "ನೀರು ಹಂಚೋದು," ಎಂದಳು. "ಅಮ್ಮ, ಅದೇ ಸರಿ."

ಭಾನುವಾರ ನಾಲ್ವರೂ ಬಂದು ಕೂತರು. ಸುಷ್ಮಾ ಮೇಜಿನ ಮೇಲೆ ನೀಲಿ ದಾರದಿಂದ ಒಂದು ಹೊಳೆ ಹಾಸಿ ಶುರು ಮಾಡಿದಳು.

"ಒಂದು ದೊಡ್ಡ ಕಟ್ಟೆ ಒಡೆದಿದೆ. ಮಳೆಗಾಲಕ್ಕೆ ಮುಂಚೆ ಮತ್ತೆ ಕಟ್ಟದಿದ್ರೆ ಕೆಳಗಿನ ಊರುಗಳಿಗೆ ನೀರಿಲ್ಲ, ಕಟ್ಟಿದ್ರೆ ಮೇಲಿನ ಊರುಗಳ ಜಮೀನು ಮುಳುಗುತ್ತೆ. ಕಟ್ಟೋದಕ್ಕೆ ಪ್ರತಿ ಊರಿನ ಪಾಳೇಗಾರನೂ ಒಪ್ಪಬೇಕು. ಒಬ್ಬರ ಮುಖ ಕಂಡ್ರೆ ಒಬ್ಬರಿಗೆ ಆಗಲ್ಲ. ನೀವು ನಾಲ್ಕು ಜನ ಊರೂರಿಗೆ ಹೋಗಿ ಒಪ್ಪಿಸ್ಬೇಕು."

"ಹೊಡೆದಾಟ?" ಎಂದ ದಿಲೀಪ್.

"ಇವರನ್ನ ಜೀವಂತ ಊರು ಮುಟ್ಟಿಸೋರು ಯಾರು? ದಾರಿ ಉದ್ದಕ್ಕೂ ಕಟ್ಟೆ ಬೇಡ ಅನ್ನೋರಿದ್ದಾರೆ. ನೀನು ದಳವಾಯಿ."

"ಕಟ್ಟೆಯ ಅಳತೆ?" ಎಂದರು ಮೃತ್ಯುಂಜಯ, ಆಗಲೇ ಪೆನ್ಸಿಲ್ ತೆಗೆದು.

"ಹಳೇ ಕಾಲುವೆ, ತೂಬು ಎಲ್ಲಿದ್ವು ಅಂತ ನೀವೇ ಹುಡುಕ್ಬೇಕು ಸರ್. ಅನು, ನೀನು ಪ್ರತಿ ಊರಲ್ಲೂ ಒಬ್ಬರನ್ನ ಒಲಿಸ್ಕೋಬೇಕು. ಅತ್ತೆ, ಸೂಲಗಿತ್ತಿ, ಅರ್ಚಕ, ಯಾರಾದ್ರೂ ಸರಿ. ಯಾಕಂದ್ರೆ ಸಭೇಲಿ ಏನು ಮಾತಾಡ್ಬೇಕು ಅಂತ ಗೊತ್ತಾಗೋದು ಅವರಿಂದ. ಮತ್ತೆ ಸಭೇಲಿ ಮಾತಾಡೋನು," ಎಂದು ಅವಳು ಹಿತ್ತಾಳೆಯ ಒಂದು ಹಳೆಯ ಬಿಲ್ಲೆ ತೆಗೆದು ವಾಗೀಶನ ಮುಂದಿಟ್ಟಳು, "ಮುದ್ರೆ ಹಿಡಿದ ರಾಯಭಾರಿ."

ದಿಲೀಪ್ ವಾಗೀಶನನ್ನು ನೋಡಿದ, ಆಮೇಲೆ ಸುಷ್ಮಾಳನ್ನು. "ಅವನಿಗಾ?" ಎಂದುಬಿಟ್ಟ; ಅಂದ ಮೇಲೆ ನಾಲಿಗೆ ಕಚ್ಚಿಕೊಂಡ.

"ನಂಗೇ," ಎಂದು ವಾಗೀಶ ಬಿಲ್ಲೆಯನ್ನು ಜೇಬಿಗೆ ಹಾಕಿಕೊಂಡ.

ಮೊದಲ ಊರು ಮೇಲಿನ ಕೋಟೆ. ಒಂದು ಭಾನುವಾರ ದಾರಿಯಲ್ಲೇ ಹೋಯಿತು, ಇನ್ನೊಂದು ಕೋಟೆಯೊಳಗೆ ಸುತ್ತಿ ವಿಚಾರಿಸುವುದರಲ್ಲಿ. ಮೂರನೆಯ ಭಾನುವಾರ ಪಾಳೇಗಾರನ ಸಭೆ. ಸುಷ್ಮಾ ಬೆನ್ನು ನೆಟ್ಟಗೆ ಮಾಡಿ, ದನಿ ದಪ್ಪ ಮಾಡಿದಳು. "ಕಟ್ಟೆ ಕಟ್ಟಿದ್ರೆ ನನ್ನ ಮೂವತ್ತು ಎಕರೆ ಮುಳುಗುತ್ತೆ. ನಾನ್ಯಾಕೆ ಒಪ್ಪಲಿ? ಹೇಳು ರಾಯಭಾರಿ!"

ವಾಗೀಶ ಬಾಯಿ ತೆರೆದ. ಮೊದಲ ಅಕ್ಷರವೇ ನಿಂತಿತು. ಕತ್ತಿನ ನರ ಉಬ್ಬಿತು. ಅನು ಮುಂದೆ ಬಾಗಿದವಳು ಕೈ ಬಾಯಿಗೆ ಅಡ್ಡ ಇಟ್ಟುಕೊಂಡಳು. ದಿಲೀಪನ ಕೈ ದಾಳದ ಮೇಲಿತ್ತು. ಅದನ್ನು ಮೆಲ್ಲಗೆ ಹಿಂದಕ್ಕೆ ತೆಗೆದುಕೊಂಡ. ಸುಷ್ಮಾ ಪಾಳೇಗಾರನ ಮುಖವನ್ನು ಹಾಗೇ ಹಿಡಿದು ವಾಗೀಶನನ್ನೇ ನೋಡುತ್ತಾ ಕೂತಳು. ಈ ಸಲ ಅವಳು ಎತ್ತಲೂ ತಿರುಗಲಿಲ್ಲ. ಬೀದಿಯಲ್ಲಿ ಸೊಪ್ಪಿನವಳು ಕೂಗಿಕೊಂಡು ಹೋದದ್ದು ಎಲ್ಲರಿಗೂ ಕೇಳಿಸಿತು.

"ಮ… ಮುಳುಗೋ ಮೂವತ್ತು ಎಕರೆ ನಿಮ್ಮದಲ್ಲ ನಾಯಕರೇ," ಎಂದ ವಾಗೀಶ. "ನಿಮ್ಮ ತಮ್ಮನ ವಿಧವೆಯದು. ನೀವು ಅ… ಅವರಿಗೆ ಇನ್ನೂ ಬಿಟ್ಟುಕೊಟ್ಟಿಲ್ಲ. ಕಟ್ಟೆ ಬೇಡ ಅಂತ ನೀವು ಹೇಳಿದ್ರೆ, ಯಾಕೆ ಬೇಡ ಅಂತ ಊರು ಕೇಳುತ್ತೆ. ಆಗ ಈ ಮಾತು ಊರ ಬಾಯಿಗೆ ಬರುತ್ತೆ. ಬರೋದು ಬೇಡ ಅಲ್ವಾ?"

ಅನು ಆ ಗುಟ್ಟನ್ನು ಹಿಂದಿನ ವಾರ ಕೋಟೆಯ ಅಡುಗೆಯವಳಿಂದ ತೆಗೆದಿದ್ದಳು. ಅದನ್ನು ಹೀಗೆ ತಿರುಗಿಸಬಹುದೆಂದು ಅವಳಿಗೇ ಹೊಳೆದಿರಲಿಲ್ಲ. "ಅಯ್ಯಪ್ಪಾ!" ಎಂದು ಮೇಜು ಗುದ್ದಿದಳು. ಅಡುಗೆಮನೆ ಬಾಗಿಲಿನಿಂದ ಗಿರಿಜಾಂಬಾ, "ಸರಿಯಾಗಿ ಕೇಳಿದ ನೋಡು!" ಎಂದರು.

"ದಾಳ ಹಾಕು," ಎಂದಳು ಸುಷ್ಮಾ.

ದಾಳ ಉರುಳಿ ಕಡ್ಲೆಪುರಿಯ ತಟ್ಟೆಗೆ ತಾಗಿ ನಿಂತಿತು. ಮೂರು.

ಸುಷ್ಮಾಳಿಗೆ ಅದನ್ನು ಸೋಲು ಎನ್ನಲು ಮನಸ್ಸಾಗಲಿಲ್ಲ. ಇಷ್ಟು ಒಳ್ಳೆಯ ಮಾತಿಗೆ ಮೂರೇ? ಕಣ್ಣು ಮುಚ್ಚಿ ಗೆದ್ದೆ ಎನ್ನಬಹುದಿತ್ತು. ವಾಗೀಶ ಅವಳ ಮುಖ ಓದಿದವನಂತೆ ತಲೆ ಅಲ್ಲಾಡಿಸಿದ: ಬೇಡ, ಬಿದ್ದದ್ದು ಬಿದ್ದಂತೆ ಇರಲಿ.

ಅವಳು ಮೇಜಿಗೆ ಕೈ ಊರಿ ಎದ್ದಳು. "ನನ್ನ ಮನೆ ಗುಟ್ಟು ನನಗೇ ಹೇಳ್ತೀಯಾ? ಕಾವಲಿನೋರೇ, ಹಿಡೀರಿ ಇವರನ್ನ!"

ಆಮೇಲೆ ನಡೆದದ್ದನ್ನು ಆ ಗುಂಪಿನವರು ಈಗಲೂ ಒಬ್ಬರ ಮೇಲೊಬ್ಬರು ಬಿದ್ದು ಹೇಳುತ್ತಾರೆ. ದಿಲೀಪ್ ಸಭೆಯ ಬಾಗಿಲಿಗೆ ಅಡ್ಡ ನಿಂತು ಕಾವಲಿನವರನ್ನು ತಡೆದ. ಉಸಿರು ಒಂದಕ್ಕೆ ಇಳಿದರೂ ಜಾಗ ಬಿಡಲಿಲ್ಲ. ಅನು ಅಡುಗೆಯವಳನ್ನು ಕೂಗಿ ಹಿತ್ತಲ ಬಾಗಿಲು ತೆಗೆಸಿದಳು. ಮೃತ್ಯುಂಜಯ ತಾವು ಬರೆದ ನಕ್ಷೆಯ ಮೇಲೆ ಬೆರಳಿಟ್ಟು, "ಹಿತ್ತಲಿನ ಹಳೇ ತೂಬು ಹೊಳೆ ತನಕ ಹೋಗುತ್ತೆ, ನುಗ್ರಿ!" ಎಂದು ಎದ್ದೇ ನಿಂತರು. ನಾಲ್ವರೂ ಕೆಸರು ಮೆತ್ತಿಕೊಂಡು ಹೊಳೆಯ ದಂಡೆಗೆ ಬಿದ್ದಾಗ ಹೆಚ್ಚು ನಕ್ಕವನು ವಾಗೀಶ. ಸೋತದ್ದು ಅವನು ತಾನೇ ಆಡಿದ ಮಾತಿನಿಂದ. ಆ ಸೋಲನ್ನು ಅವನು ಯಾರಿಗೂ ಬಿಟ್ಟುಕೊಡುವ ಹಾಗಿರಲಿಲ್ಲ.

ಮುಂದಿನ ವಾರ ಮತ್ತೆ ವಾದ ಎದ್ದಿತು. ಮೇಲಿನ ಕೋಟೆಯನ್ನು ಬಿಟ್ಟು ಮುಂದಿನ ಊರಿಗೆ ಹೋಗೋಣ ಎಂದು ದಿಲೀಪ್ ಕಾರಣಗಳನ್ನು ಒಂದೊಂದಾಗಿ ಹೇಳುತ್ತಿದ್ದ.

"ಇ… ಇಲ್ಲ," ಎಂದು ವಾಗೀಶ ನಡುವೆ ಬಾಯಿ ಹಾಕಿದ. "ಮೊದ್ಲು ಆ ವಿಧವೆ ಹತ್ರ ಹೋಗಣ."

"ಏ, ನನ್ನ ಮಾತು ಮುಗಿಸೋಕೆ ಬುಡಪ್ಪ!" ಎಂದ ದಿಲೀಪ್.

ಅವರು ವಿಧವೆಯ ಹತ್ತಿರವೇ ಹೋದರು. ಅವಳಿಂದ ಮೇಲಿನ ಕೋಟೆಯ ಅರ್ಧ ಊರು ಒಲಿಯಿತು. ಪಾಳೇಗಾರ ಮಾತ್ರ ಇನ್ನೂ ಒಪ್ಪಿಲ್ಲ. ಕಟ್ಟೆಯ ಕಥೆ ಈಗ ಐದನೆಯ ಊರು ಮುಟ್ಟಿದೆ. ಅಲ್ಲಿಯ ಪಾಳೇಗಾರ್ತಿ ಮಾತಿಗೆ ಮೊದಲು ಕುಸ್ತಿಯಲ್ಲಿ ಗೆದ್ದು ತೋರಿಸಿ ಎಂದಿದ್ದಾಳೆ, ದಿಲೀಪ್ ತೊಡೆ ತಟ್ಟುತ್ತಿದ್ದಾನೆ. ಕಾಲುವೆಯ ಇಳಿಜಾರಿನ ಲೆಕ್ಕ ತಪ್ಪಾಗಿದೆ ಎಂದು ಮೃತ್ಯುಂಜಯ ವಾರದ ನಡುವೆ ಸುಷ್ಮಾಳಿಗೆ ಫೋನು ಮಾಡುತ್ತಾರೆ. ಅನುವಿನ ಕಾಲೇಜಿನ ಇಬ್ಬರು ಮೇಡಂಗಳು ನಾವೂ ಬರುತ್ತೇವೆ ಎಂದು ಹಟ ಹಿಡಿದಿದ್ದಾರೆ. ಅವರಿಗೆ ಎಂಥ ಕಥೆ ಹಿಡಿಸುತ್ತದೆ ಎಂದು ಅನು ಕೇಳಿದಾಗ ಸುಷ್ಮಾ, "ಈಗಲೇ ನಾನೇನೂ ಹೇಳಲ್ಲ," ಎಂದಳು. "ಒಂದು ಭಾನುವಾರ ಕರ್ಕೊಂಡು ಬಾ. ನಮ್ಮ ಜೊತೆ ಕೂತು ಆಡಲಿ. ಆಮೇಲೆ ಅವರನ್ನೇ ಕೇಳ್ತೀನಿ."